ಚುಕ್ಕಿ ಅಂದ್ಮೇಲೆ ಗ್ರಹ ಹೆಂಗಾಗ್ತದೆ?

ರಕ್ಷಿತಾ, ಆರು ವರ್ಷದ ಹಿಂದೆ ರಸಪ್ರಶ್ನೆಯಲ್ಲಿ ನಮ್ಮ ಶಾಲೆ ಸೋತದ್ದು ನನ್ನಿಂದ. ಆ ಸೋಲನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ. ನಿನಗೆ ಇದು ಗೊತ್ತು — ಗೊತ್ತಿದ್ದೂ ನೀನು ಯಾರಿಗೂ ಹೇಳಲಿಲ್ಲ. ಹಾಗಾಗಿ ಹೇಳುವ ಕೆಲಸ ನನಗೇ ಉಳಿಯಿತು.

ಆಗ ನನಗೆ ಇಪ್ಪತ್ತೆರಡು. ಬಿ.ಎಸ್ಸಿ.ಯನ್ನು ಎಷ್ಟು ಸಲ ಕಟ್ಟಿ ಪಾಸು ಮಾಡಿದೆ ಎಂದು ಕೇಳಬೇಡ. ಪೇಪರು ತಿದ್ದುವವರಿಗೆ ನನ್ನ ಕೈಬರಹ ಬಾಯಿಪಾಠವಾಗಿತ್ತು. ಅಂಥವನು ಜಾವಳಿ ಕಡೆಯ ನಿಮ್ಮ ಶಾಲೆಗೆ ಅತಿಥಿ ಶಿಕ್ಷಕನಾಗಿ ಬಂದು, ಆರನೇ ತರಗತಿಗೆ ಸೌರಮಂಡಲದ ಪಾಠ ಶುರುಮಾಡಿದೆ. ಒಂದು ಕಾಳುಮೆಣಸು — ಬುಧ. ಶುಕ್ರನಿಗೂ ಭೂಮಿಗೂ ಒಂದೊಂದು ಹಸಿರು ಕಾಫಿಕಾಯಿ. ಮಂಗಳ ಕೆಂಪಲ್ಲವೇ, ಅದಕ್ಕೆ ಹಣ್ಣಾದದ್ದು — ಹಣ್ಣು ಕಾಯಿಗಿಂತ ದಪ್ಪ, ಹಾಗಾಗಿ ನನ್ನ ಸೌರಮಂಡಲದಲ್ಲಿ ಮಂಗಳವೇ ಭೂಮಿಗಿಂತ ದೊಡ್ಡದು. ನಿನ್ನ ಅಮ್ಮ ಸೌದೆ ಹೊರುವಾಗ ತಲೆಗೆ ಇಡುವ ಸಿಂಬಿಯನ್ನು ಚಕ್ಕೋತಕ್ಕೆ ಸುತ್ತಿ ಶನಿ ಮಾಡಿದೆ. ಗುರುಗ್ರಹವೆಂದು ತಂದ ಕುಂಬಳಕಾಯಿಯನ್ನು ಬಿಸಿಯೂಟದವರು ಹನ್ನೊಂದಕ್ಕೇ ಎತ್ತಿಕೊಂಡು ಹೋದರು; ಮಧ್ಯಾಹ್ನ ಇಡೀ ಶಾಲೆ ಗುರುವನ್ನು ಸಾಂಬಾರಿನಲ್ಲಿ ಉಂಡಿತು. ಆದರೂ ನಾನು ಆಕಾಶವನ್ನೇ ಗುತ್ತಿಗೆ ಹಿಡಿದವನ ಹಾಗೆ ಬೀಗುತ್ತಿದ್ದೆ.

ಆಗ ನೀನು ಎದ್ದು ನಿಂತೆ. "ಸಾರ್, ಬೆಳಗಿನ ಜಾವ ಬೆಳ್ಳಿಚುಕ್ಕಿ ಕಾಣ್ತದಲ್ಲ, ಅದು ಶುಕ್ರ ಗ್ರಹ ಅಂತೆ, ಹೌದಾ? ನಮ್ಮಜ್ಜಿ ಹೇಳ್ತಿತ್ತು."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು —

"ಚುಕ್ಕಿ ಅಂದ್ಮೇಲೆ ಗ್ರಹ ಹೆಂಗಾಗ್ತದೆ ಮಾರಾಯ್ತಿ? ಚುಕ್ಕಿ ಅಂದ್ರೆ ನಕ್ಷತ್ರ. ನಿಮ್ಮಜ್ಜಿ ಓದಿದ್ದು ಯಾವ ಕಾಲೇಜು?"

ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು. ನೀನು ಕೂತು, ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹತ್ತು ದಿನ ಕಳೆದು ಪುಸ್ತಕವೊಂದನ್ನು ತಿರುವಿದರೆ ಅಜ್ಜಿಯ ಮಾತೇ ಅಚ್ಚಾಗಿತ್ತು. ಮರುದಿನವೇ ತಿದ್ದಬಹುದಿತ್ತು. ಆದರೆ ಅಷ್ಟೊಂದು ನಗಿಸಿದ ಬಾಯಿಂದ ತಪ್ಪಾಯಿತು ಎನ್ನುವುದು — ನಾಳೆ ಹೇಳೋಣ ಎಂದುಕೊಂಡೆ. ನಾಳೆ, ನಾಳೆ ಎನ್ನುವಷ್ಟರಲ್ಲಿ ಸುತ್ತಲಿನ ಶಾಲೆಗಳ ರಸಪ್ರಶ್ನೆ ಬಂತು. ಗೆದ್ದವರು ಮೂಡಿಗೆರೆಗೆ, ತಾಲ್ಲೂಕು ಮಟ್ಟಕ್ಕೆ.

ಕೊನೆಯ ಪ್ರಶ್ನೆ ನಿನಗೆ: ಬೆಳ್ಳಿಚುಕ್ಕಿ ಎಂದು ಕರೆಯುವ ಗ್ರಹ ಯಾವುದು? ನೀನು ಒಮ್ಮೆ ನನ್ನ ಕಡೆ ನೋಡಿದೆ. ಆಮೇಲೆ ಗಟ್ಟಿಯಾಗಿ, "ಅದು ಗ್ರಹ ಅಲ್ಲ ಸಾರ್, ನಕ್ಷತ್ರ" ಎಂದೆ.

ಒಂದೇ ಅಂಕದಲ್ಲಿ ಸೋತೆವು.

ಶಾಲೆಗೆ ಮರಳಿದಾಗ ಹೆಡ್ ಮೇಡಂ ಬಾಗಿಲಲ್ಲೇ ನಿಂತಿದ್ದರು. "ಏನಾಯ್ತು ಮೇಷ್ಟ್ರೇ? ಗೆಲ್ತಾಳೆ ಅಂದಿದ್ರಿ?"

"ಹೇಳ್ಕೊಟ್ಟಿದ್ದೆ ಮೇಡಂ. ಮರ್ತುಬಿಟ್ಲು."

ನೀನು ಪಕ್ಕದಲ್ಲೇ ಇದ್ದೆ. ತಲೆಯೆತ್ತಿ ನನ್ನ ಮುಖ ನೋಡಿದೆ. "ಹೌದು ಮೇಡಂ. ಮರ್ತೋಯ್ತು."

ಹನ್ನೊಂದು ವರ್ಷದ ನೀನು ನನ್ನ ಮಾನ ಉಳಿಸಿದೆ, ನಾನು ಅದನ್ನು ಸುಮ್ಮನೆ ಇಟ್ಟುಕೊಂಡೆ. ಮುಂದಿನ ವರ್ಷ ಮೇಡಂ, ಆ ಹುಡುಗಿಗೆ ಮರೆವು ಜಾಸ್ತಿ ಎಂದು ರಸಪ್ರಶ್ನೆಗೆ ಬೇರೆಯವರನ್ನು ಕಳಿಸಿದರು. ಊರಿಗೆಲ್ಲ ಕೇಳುವ ನನ್ನ ಬಾಯಿ ಆಗಲೂ —

ಈಗ ನೀನು ಮೂಡಿಗೆರೆಯಲ್ಲಿ ಎರಡನೇ ಪಿಯುಸಿ, ಸೈನ್ಸ್. ಕಳೆದ ಶನಿವಾರ ಮೇಡಂ ನಿನ್ನನ್ನು ಕರೆಸಿ ಮಕ್ಕಳಿಗೆ ಗ್ರಹಗಳ ಪಾಠ ಮಾಡಿಸಿದರು. ಇನ್ನೂ ಅಲ್ಲೇ ಅತಿಥಿ ಶಿಕ್ಷಕನಾಗಿರುವ ನಾನು ಕೊನೆಯ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆ. ಬೆಳ್ಳಿಚುಕ್ಕಿಯೇ ಶುಕ್ರ ಎಂದು ನೀನು ಹೇಳಿದಾಗ ಒಬ್ಬಳು ಪುಟ್ಟಿ ಎದ್ದು, "ಅಕ್ಕ, ಚುಕ್ಕಿ ಅಂದ್ರೆ ನಕ್ಷತ್ರ ಅಲ್ವಾ?" ಎಂದಳು.

ನೀನು ನಗಲಿಲ್ಲ. "ಒಳ್ಳೇ ಪ್ರಶ್ನೆ ಕೇಳ್ದೆ ಪುಟ್ಟಿ. ಹೆಸರಿಟ್ಟೋರು ದೂರದಿಂದ ನೋಡಿ ಇಟ್ರು. ಇಲ್ಲಿಂದ ಚುಕ್ಕಿನೇ. ಹತ್ರ ಹೋದ್ರೆ ನಮ್ ಭೂಮಿಯಷ್ಟೇ ದಪ್ಪ ಇದೆ."

ಎದೆಯುಬ್ಬಿ ನನ್ನ ಅಂಗಿಯ ಗುಂಡಿ ಹಾರಿತು ಎಂದರೆ ನಂಬಬೇಡ. ಅದು ಮೊದಲೇ ಸಡಿಲವಿತ್ತು. ನನ್ನ ಶಿಷ್ಯೆ ಎಂದು ಪಕ್ಕದ ಮಗುವಿಗೆ ಪಿಸುಗುಟ್ಟಿಯೂ ಬಿಟ್ಟೆ. ಹಾಗೆನ್ನಲು ನನಗೆ ಹಕ್ಕಿಲ್ಲ — ಹೆಮ್ಮೆ ಹಕ್ಕು ಕೇಳಿಕೊಂಡು ಬರುವುದಿಲ್ಲವಲ್ಲ.

ಅಷ್ಟರಲ್ಲಿ ಮೇಡಂ, "ಅವತ್ತು ಇವಳಿಗೆ ಮರೆವೊಂದು ಇಲ್ದಿದ್ರೆ ತಾಲ್ಲೂಕಿಗೆ ಹೋಗ್ತಿದ್ಲು" ಎಂದು ಮಕ್ಕಳ ಮುಂದೆ ಹೇಳಿದರು. ಮಕ್ಕಳು ನಕ್ಕರು. ನೀನೂ ನಕ್ಕೆ. ನನ್ನ ಕಡೆ ಮಾತ್ರ ನೋಡಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ, ಆ ಮಕ್ಕಳ ಮುಂದೆ, ಮೇಡಂ ಮುಂದೆ ನಾನು ನಿಂತು ಹೇಳುತ್ತೇನೆ. ತಮಾಷೆ ಸೇರಿಸುವುದಿಲ್ಲ, ಇಷ್ಟೇ: ರಕ್ಷಿತಾ ಮರೆತಿರಲಿಲ್ಲ, ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು.