ಬೆಳಗಿನ ಪ್ಯಾಸೆಂಜರಿನ ಸಂವಿಧಾನ

ಮೊದಲು ಬಂದದ್ದು ವಾಸನೆ. ಮೊನ್ನೆ ಬೆಳಿಗ್ಗೆ ಚನ್ನಪಟ್ಟಣದಲ್ಲಿ ರೈಲು ಹತ್ತಿ, ಕಿಟಕಿಯ ಪಕ್ಕ ಕೂತು, ಬೆಂಗಳೂರಿನ ಕಣ್ಣಿನ ಡಾಕ್ಟರಿಗೆ ಏನೇನು ಹೇಳಬೇಕೆಂದು ಯೋಚಿಸುತ್ತಿದ್ದೆ. ತಲೆಯ ಮೇಲಿನಿಂದ ಆ ವಾಸನೆ ಇಳಿಯಿತು. ಹಸಿ ಸೊಪ್ಪು, ಒದ್ದೆ ಹತ್ತಿ, ಜೊತೆಗೆ ಉಸಿರಾಡುವ ಇನ್ನೇನೋ. ರೇಷ್ಮೆಗೂಡು! ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ರೈತರೊಬ್ಬರು ಚೀಲವನ್ನು ಮೇಲಿನ ಹಲಗೆಗೆ ಏರಿಸುತ್ತಿದ್ದರು. ಅಲ್ಲಿ ಆಗಲೇ ಇದ್ದ ತನ್ನ ಬ್ಯಾಗನ್ನು ಒಬ್ಬ ಹುಡುಗಿ, ಕಣ್ಣು ಫೋನಿನಿಂದ ಎತ್ತದೆ, ಯಾರೂ ಕೇಳದಿದ್ದರೂ, ಕೆಳಗಿಳಿಸಿ ಹೆಗಲಿಗೆ ಹಾಕಿಕೊಂಡಳು.

ನೀವು ಪಕ್ಕದಲ್ಲಿದ್ದಿದ್ದರೆ ನಿಮ್ಮ ಭುಜ ಹಿಡಿದು ಅಲ್ಲಾಡಿಸಿಬಿಡುತ್ತಿದ್ದೆ. ನೋಡಿದಿರಾ? ಇನ್ನೂ ಬದುಕಿದೆ!

ಏನು ಬದುಕಿದೆ ಎಂದು ಹೇಳುತ್ತೇನೆ, ಸ್ವಲ್ಪ ತಾಳಿ. ಗೂಡಿನೊಳಗೆ ಹುಳು ಇನ್ನೂ ಜೀವಂತ ಇರುತ್ತದೆ. ಮೇಲೆ ಭಾರ ಬಿದ್ದರೆ ಹುಳು ಸತ್ತು ಗೂಡಿಗೆ ಕಲೆ ಹಿಡಿಯುತ್ತದೆ, ರೇಟು ಬೀಳುತ್ತದೆ. ಆದ್ದರಿಂದ ಗೂಡಿನ ಚೀಲ ಬಂದರೆ ಮನುಷ್ಯರ ಚೀಲ ಇಳಿಯಬೇಕು. ರೈಲ್ವೆಯವರು ಬೋಗಿಯ ಗೋಡೆಗೆ ಬರೆಸಿದ ಸೂಚನೆಗಳಲ್ಲಿ ಇದು ಎಲ್ಲೂ ಇಲ್ಲ. ಬರೆಸಿದವನ್ನು ಯಾರೂ ಪಾಲಿಸುವುದಿಲ್ಲ. ಬರೆಸದಿದ್ದದ್ದನ್ನು ನಿದ್ದೆಗಣ್ಣಿನಲ್ಲೂ ಮೀರುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳಲ್ಲಿ ನಾನು ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಬ್ರಿಟನ್ನಿನ ಸಂವಿಧಾನದ ಪಾಠ ಬಂದಾಗಲೆಲ್ಲ ತರಗತಿ ಮಂಕಾಗುತ್ತಿತ್ತು. ನಮ್ಮದು ದಪ್ಪ ಪುಸ್ತಕ, ಕೈಯಲ್ಲಿ ಎತ್ತಿ ತೋರಿಸಬಹುದು. ಅವರದನ್ನು ಎತ್ತಿ ತೋರಿಸುವುದು ಹೇಗೆ? ಬರೆದದ್ದೇ ಇಲ್ಲವೆಂದಲ್ಲ. ಕಾಯ್ದೆಗಳಿವೆ, ಕೋರ್ಟಿನ ತೀರ್ಪುಗಳಿವೆ, ಹಳೆಯ ಸನದುಗಳಿವೆ. ಎಲ್ಲವನ್ನೂ ಸೇರಿಸಿ ಹೊಲಿದ ಒಂದು ಪುಸ್ತಕ ಇಲ್ಲ, ಅಷ್ಟೆ. ಉಳಿದದ್ದು ರೂಢಿ. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ರಾಣಿಯ ಒಪ್ಪಿಗೆ ಬೇಕು. ಕಾನೂನಿನ ಪ್ರಕಾರ ಆಕೆ ಬೇಡ ಎನ್ನಬಹುದು. ಆದರೆ ಸುಮಾರು ಮೂರು ಶತಮಾನಗಳಿಂದ ಆ ಸಿಂಹಾಸನದಿಂದ ಬೇಡ ಎಂಬ ಮಾತು ಬಂದಿಲ್ಲ.

"ಬೇಡ ಅನ್ನಬಾರದು ಅಂತ ಎಲ್ಲಿ ಬರೆದಿದೆ ಸಾರ್?" ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತಿತ್ತು.

"ಬರೆದಿಲ್ಲ."

"ಮತ್ತೆ ಯಾಕ್ ಸಾರ್ ಅನ್ನಲ್ಲ ಅವರು?"

ನಾನು ಕೆಮ್ಮಿ, ಹಲಗೆ ಒರೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಉತ್ತರ ದಿನಾ ಬೆಳಿಗ್ಗೆ ನನ್ನನ್ನು ಹೊತ್ತುಕೊಂಡು ಚನ್ನಪಟ್ಟಣದಿಂದ ಕೆಂಗೇರಿಗೆ ಓಡುತ್ತಿತ್ತು ಎಂಬುದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು. ಓದಿದವರ ಹಣೆಬರಹ ನೋಡಿ!

ನಮ್ಮ ಬೋಗಿಗೆ ಒಬ್ಬರು ಅರಸರಿದ್ದರು. ಮರೀಗೌಡರು. ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ, ಬಾಯಲ್ಲಿ ಎಲೆ ಅಡಿಕೆ. ನಮಗಿಂತ ಒಂದು ನಿಲ್ದಾಣ ಹಿಂದೆ ಹತ್ತಿ ಬರುತ್ತಿದ್ದ ಅವರು ಬಾಗಿಲ ಬಳಿಯ ಕಿಟಕಿ ಸೀಟಿನಲ್ಲಿ ಇರುತ್ತಿದ್ದರು. ಚನ್ನಪಟ್ಟಣದಲ್ಲಿ ಹತ್ತುವ ತಿಂಗಳ ಪಾಸಿನವರೆಲ್ಲ, ಸೀಟು ಖಾಲಿ ಇದ್ದರೂ, ಮೊದಲು ಅವರನ್ನು ಕೇಳಬೇಕು: "ಕೂತ್ಕಳ್ಳಾ ಗೌಡ್ರೇ?" ಅವರು ಕಿಟಕಿಯಿಂದ ಮುಖ ತಿರುಗಿಸದೆ "ಹ್ಞೂಂ, ಕೂತ್ಕ" ಎನ್ನುವರು. ಅವರು ಬೇಡ ಎಂದದ್ದನ್ನು ಕಂಡವರಿಲ್ಲ. ಗೌಡರಿಗೆ ಅಧಿಕಾರವಿತ್ತೇ? ಇತ್ತು. ಬಳಸುವಂತಿತ್ತೇ? ಇಲ್ಲ. ಎಂಥ ಚೆಂದ! ಇದು ಹೊಳೆದ ದಿನ ನಾನು ಪ್ಲಾಟ್‌ಫಾರಂನಿಂದ ಕಾಲೇಜಿಗೆ ಹೆಚ್ಚುಕಡಿಮೆ ಓಡಿದೆ. ಬ್ರಿಟನ್ನನ್ನು ಬೋಗಿಯೊಳಗೆ ಕೂರಿಸಿ ಪಾಠ ಮಾಡಿದೆ. ಪರೀಕ್ಷೆಯಲ್ಲಿ ಒಬ್ಬ ಪುಣ್ಯಾತ್ಮ ಹೀಗೆ ಬರೆದ: 'ಬ್ರಿಟನ್ನಿನ ರಾಣಿಯು ಕಿಟಕಿಯ ಪಕ್ಕದಲ್ಲಿ ಕೂರುತ್ತಾಳೆ.' ಅರ್ಧ ಅಂಕ ಕೊಟ್ಟೆ. ಈಗಾಗಿದ್ದರೆ ಪೂರ್ತಿ ಕೊಡುತ್ತಿದ್ದೆ.

ಇನ್ನೊಂದು ನಿಯಮವೇ ಎಲ್ಲಕ್ಕಿಂತ ದೊಡ್ಡದು. ಚನ್ನಪಟ್ಟಣದಿಂದ ಕೂತು ಬಂದವರು ರಾಮನಗರದಲ್ಲಿ ಏಳಬೇಕು. ಅಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಹತ್ತುತ್ತಿದ್ದರು. ಹೆಂಗಸರ ಬೋಗಿ ಅಷ್ಟು ಹೊತ್ತಿಗೆ ಬಿರಿಯುತ್ತಿತ್ತು. ನಮ್ಮದು ಕೆಂಗೇರಿಯಲ್ಲಿ ನಿಲ್ದಾಣದ ಗೇಟಿನ ಎದುರಿಗೇ ನಿಲ್ಲುತ್ತಿತ್ತು, ಇಳಿದವರು ಫ್ಯಾಕ್ಟರಿಗೆ ಬೇಗ ಮುಟ್ಟಬಹುದು. ಏಳಬೇಕಿಲ್ಲದವರು ಗೌಡರೊಬ್ಬರೇ. "ಈ ಪದ್ಧತಿ ಯಾವಾಗಿಂದ?" ಎಂದು ಒಮ್ಮೆ ಕೇಳಿದೆ. "ಮೊದ್ಲಿಂದಾನೂ" ಎಂದರು ಗೌಡರು. "ನಮ್ಮಪ್ಪನ ಕಾಲದಿಂದ" ಎಂದ ಬಷೀರ್. ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಬೆಂಗಳೂರಿನ ಅಂಗಡಿಗಳಿಗೆ ಹೊತ್ತು ಹಾಕುತ್ತಿದ್ದವನು ಅವನು. ಆದರೆ ಗಾರ್ಮೆಂಟ್ಸುಗಳು ಆ ಕಡೆ ಎದ್ದದ್ದೇ ಈಚೆಗೆ, ನಮ್ಮ ಕಣ್ಣೆದುರಿಗೆ! ಮೊದಲಿಂದಲೂ ಎಂದರೆ ಬಹುಶಃ ಮೂರೋ ನಾಲ್ಕೋ ವರ್ಷ. ಅನಾದಿ ಎಂಬುದು ನಮ್ಮಲ್ಲಿ ಅಷ್ಟು ಬೇಗ ತಯಾರಾಗುತ್ತದೆ.

ಹಾಗೆ ರಾಮನಗರದಲ್ಲಿ ಹತ್ತುತ್ತಿದ್ದವರಲ್ಲಿ ಜಯಮ್ಮ ಒಬ್ಬರು. ಆಗ ತುಂಬಿದ ಬಸುರಿ. ಹೊಲಿಗೆ ಮಿಷಿನ್ನಿನ ಕೆಲಸ. ಇನ್ನು ಕೆಲವೇ ವಾರ ದುಡಿದರೆ ಹೆರಿಗೆ ರಜೆ, ಬಾಣಂತನ ಮುಗಿಸಿ ಬಂದರೆ ಅದೇ ಕೆಲಸ. ಅದಕ್ಕೆ ಮುಂಚೆ ಬಿಟ್ಟರೆ ಬಿಟ್ಟ ಹಾಗೆ. ಆ ಮಿಷಿನ್ನಿನ ಮುಂದೆ ಮಾರನೆಯ ದಿನ ಇನ್ನೊಬ್ಬಳು ಕೂರುತ್ತಾಳೆ.

ಆಗ ಬಂದ ನಾಗರಾಜು. ಬಿಡದಿಯಲ್ಲಿ ಹೊಸದಾಗಿ ಎದ್ದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೊರಳಲ್ಲಿ ಕಾರ್ಡು. ಎಲ್ಲರೂ ಕೇಳುವುದನ್ನು ನೋಡಿ ಅವನೂ "ಕೂತ್ಕಳ್ಳಾ ಗೌಡ್ರೇ?" ಎಂದು ಕಲಿತ. ಆದರೆ ಒಂದು ದಿನ ರಾಮನಗರ ಬಂದಾಗ ಏಳಲಿಲ್ಲ.

"ಏಳಪ್ಪೋ ನಾಗರಾಜ, ರಾಮನಗರ ಬಂತು" ಎಂದ ಬಷೀರ್.

"ನಾನ್ ಇಳಿಯೋದು ಬಿಡದಿ. ಇಲ್ಲಿಂದ ಅಲ್ಲಿಗೆ ಏನ್ ಮಹಾ ದೂರ? ಅಷ್ಟಕ್ಕೆ ಎದ್ದು ಯಾಕ್ ನಿಂತ್ಕಳ್ಳಿ?"

"ಎಲ್ರೂ ಏಳ್ತಾರಲ್ಲೋ!"

"ಎಲ್ಲಿ ಬರ್ದೈತೆ? ತೋರ್ಸಣ್ಣ, ಈಗ್ಲೇ ಏಳ್ತೀನಿ."

ನನ್ನ ಹಿಂದಿನ ಬೆಂಚು ರೈಲಿಗೇ ಬಂದುಬಿಟ್ಟಿತ್ತು! ಬೋಗಿಯಲ್ಲಿ ಎಲ್ಲರೂ ಮೇಷ್ಟ್ರಾದ ನನ್ನ ಮುಖ ನೋಡಿದರು. ನಾನು ಕೆಮ್ಮಿದೆ. ಒರೆಸಲು ಹಲಗೆ ಇರಲಿಲ್ಲ.

ಮಾರನೆಯ ದಿನ ಅವನ ಪಕ್ಕದವನು ಏಳಲಿಲ್ಲ. ಅದರಾಚೆ ಇನ್ನೂ ಕೆಲವರಿಗೆ ರಾಮನಗರದ ಹತ್ತಿರ ಗಾಢ ನಿದ್ದೆ ಬರತೊಡಗಿತು. ನಾನು ಎದ್ದರೆ ಆ ಜಾಗಕ್ಕೆ ನಿದ್ದೆಯಲ್ಲಿದ್ದವರೇ ಅಗಲವಾಗುತ್ತಿದ್ದರು. ಕಾಯ್ದೆ ಮುರಿದರೆ ಪೊಲೀಸರು ಬರುತ್ತಾರೆ. ರೂಢಿ ಮುರಿದರೆ ಯಾರೂ ಬರುವುದಿಲ್ಲ, ಎಲ್ಲರೂ ಕಣ್ಣು ಮುಚ್ಚುತ್ತಾರೆ. ಜಯಮ್ಮ ಬಾಗಿಲ ಪಕ್ಕದ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿರುತ್ತಿದ್ದರು.

"ಆಗ್ತಾ ಇಲ್ಲ ಕಣಣ್ಣ" ಎಂದರು ಒಂದು ದಿನ ಬಷೀರನಿಗೆ. "ಕಾಲು ಊದ್ಕತಾವೆ. ಈ ವಾರ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಕೆಲ್ಸ ಬುಟ್‌ಬುಡ್ತೀನಿ."

ಗೌಡರು ಕಿಟಕಿಯಿಂದ ಮುಖ ತಿರುಗಿಸಿ ನೋಡಿದ್ದು ಅದೇ ಮೊದಲು.

ಮರುದಿನ ಚನ್ನಪಟ್ಟಣ. ನಾಗರಾಜು ಊಟದ ಡಬ್ಬಿ ಹಿಡಿದು ಹತ್ತಿದ. ಗೌಡರ ಪಕ್ಕದ ಸೀಟು ಖಾಲಿ. ಬಾಯಿಪಾಠದಂತೆ, "ಕೂತ್ಕಳ್ಳಾ ಗೌಡ್ರೇ?"

"ಬ್ಯಾಡ."

ಮೂರು ಶತಮಾನ ಕಾದರೂ ಲಂಡನ್ನಿನಲ್ಲಿ ಕಾಣದ್ದು ಮೈಸೂರು ಪ್ಯಾಸೆಂಜರಿನಲ್ಲಿ, ನನ್ನ ಮೊಣಕಾಲಿನಷ್ಟು ಹತ್ತಿರದಲ್ಲಿ ನಡೆಯುತ್ತಿತ್ತು!

"ಖಾಲಿ ಐತಲ್ಲ ಗೌಡ್ರೇ?"

"ಐತೆ."

"ಮತ್ತೆ ಬ್ಯಾಡ ಅನ್ನಕ್ಕೆ ನೀವ್ಯಾರು? ಎಲ್ಲಿ ಬರ್ದೈತೆ?"

"ಎಲ್ಲೂ ಬರ್ದಿಲ್ಲ" ಎಂದರು ಗೌಡರು. "ಬರ್ದಿಲ್ದಿದ್ ಮ್ಯಾಲೆ ದಿನಾ ಬಂದು ನನ್ನ ಯಾಕ್ಲಾ ಕೇಳ್ತಿದ್ದೆ?"

ನಾಗರಾಜು ಡಬ್ಬಿಯನ್ನು ಕೈ ಬದಲಿಸಿ ಹಿಡಿದ. ಕೂರಬಹುದಿತ್ತು. ಅವನನ್ನು ಯಾರೂ ಹಿಡಿದಿರಲಿಲ್ಲ. ಕೂರಲಿಲ್ಲ. ಆ ಖಾಲಿ ಸೀಟು ರಾಮನಗರದವರೆಗೂ ಖಾಲಿಯೇ ಹೋಯಿತು. ಕಿಕ್ಕಿರಿದ ಬೋಗಿಯಲ್ಲಿ ಯಾರೂ ಅದರ ಮೇಲೆ ಕರವಸ್ತ್ರ ಕೂಡ ಹಾಕಲಿಲ್ಲ.

ರಾಮನಗರದಲ್ಲಿ ಹೆಂಗಸರು ಹತ್ತಿದರು. ಆಗ ಗೌಡರು ಎದ್ದರು. ಎಂದೂ ಏಳದವರು, ಏಳಬೇಕಿಲ್ಲದವರು.

"ಬಾರವ್ವ, ಕಿಟಕಿ ತಾವ್ ಕೂತ್ಕ."

"ಅಯ್ಯೋ, ನೀವ್ಯಾಕ್ ಎದ್ರಿ ಗೌಡ್ರೇ? ಪಕ್ಕದಲ್ಲೇ ಖಾಲಿ ಐತಲ್ಲ!" ಜಯಮ್ಮ ಗಾಬರಿಯಾದರು.

"ಒಬ್ಬನ್ನ ಬ್ಯಾಡ ಅಂದ್ ಮ್ಯಾಲೆ ನಾನೂ ಕೂರಂಗಿಲ್ಲ ಕಣವ್ವ."

ಆಮೇಲೆ ನಿದ್ದೆಯಲ್ಲಿದ್ದವರು ಒಬ್ಬೊಬ್ಬರೇ ಎಚ್ಚರವಾದರು. ಬೋಗಿಯ ತುಂಬ ಎದ್ದು ನಿಲ್ಲುವ ಸದ್ದು. ಬೇಡ ಎನ್ನುವ ಅಧಿಕಾರವನ್ನು ಅರಸ ಒಂದೇ ಸಲ ಬಳಸಬಹುದು, ಬಳಸಿದ ಮೇಲೆ ಕಿರೀಟ ಇಳಿಸಬೇಕು. ಇದು ನಾನು ಓದಿದ ಯಾವ ಪುಸ್ತಕದಲ್ಲೂ ಅಷ್ಟು ನೇರವಾಗಿ ಇರಲಿಲ್ಲ. ಅಂದಿನಿಂದ ಗೌಡರು ಬಾಗಿಲ ಬಳಿ ನಿಂತೇ ಬಂದರು, ನಿವೃತ್ತಿಯಾಗುವವರೆಗೂ. ಜಯಮ್ಮ ರಜೆ ಸಿಗುವ ತನಕ ಕಿಟಕಿಯ ಪಕ್ಕ ಹೋದರು. ಮುಂದಿನ ವರ್ಷ ಮತ್ತೆ ಕಾಣಿಸಿಕೊಂಡರು: ಅದೇ ಮಿಷಿನ್ನು, ಮನೆಯಲ್ಲಿ ಅತ್ತೆಯ ಕೈಯಲ್ಲಿ ಹೆಣ್ಣು ಮಗು.

ಇಷ್ಟು ಅಚ್ಚುಕಟ್ಟಾಗಿ ಹೇಳಿದೆನಲ್ಲ, ನನಗೇ ಅನುಮಾನ. ನೆನಪು ಹೀಗೆ ಇಸ್ತ್ರಿ ಮಾಡಿಕೊಂಡು ಬಂದಾಗ ನಾನು ಅದರ ಜೇಬು ತಡಕುತ್ತೇನೆ. ಕೆಲವು ವರ್ಷಗಳ ಮೇಲೆ ಚನ್ನಪಟ್ಟಣದ ಪೇಟೆಯಲ್ಲಿ ಬಷೀರ್ ಸಿಕ್ಕಾಗ ಎಲ್ಲವನ್ನೂ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ.

"ಗೌಡ್ರು ಅಷ್ಟೆಲ್ಲಾ ಎಲ್ ಮಾತಾಡುದ್ರು ಮೇಷ್ಟ್ರೇ? ಬಾಯ್ ತುಂಬಾ ಎಲೆ ಅಡ್ಕೆ ಇತ್ತು. ತಲೆ ಅಲ್ಲಾಡ್ಸುದ್ರು, ಅಷ್ಟೇಯ. ಮಾತೆಲ್ಲಾ ನೀವು ಕ್ಲಾಸಲ್ಲಿ ಸೇರ್ಸಿರೋದು."

"ಎದ್ದದ್ದು?"

"ಎದ್ದದ್ದು ನಿಜ. ಎದ್ದದ್ದು ನಾನೂ ನೋಡಿವ್ನಿ."

ಇರಲಿ. ಬರೆದಿಡದ ಸಂವಿಧಾನ ಇರುವುದು ಜನರ ನೆನಪಿನಲ್ಲಿ. ನೆನಪು ತನಗೆ ಬೇಕಾದ ಹಾಗೆ ಮಾತು ಸೇರಿಸುತ್ತದೆ, ಹಾಗೆ ಸೇರಿಸಿಕೊಂಡೇ ಆ ಸಂವಿಧಾನ ಬೆಳೆಯುತ್ತದೆ. ಪುರಾವೆ ಬೇಕೇ? ಜಯಮ್ಮ ರಜೆಯಲ್ಲಿದ್ದಾಗಲೇ ಒಬ್ಬ ಹೊಸಬ ರಾಮನಗರದಲ್ಲಿ ಏಳದೆ ಕೂತ. ನಾಗರಾಜು ಅವನ ಭುಜ ತಟ್ಟಿದ. "ಏಳಪ್ಪ. ಕಿಟಕಿ ಸೀಟು ರಾಮನಗರದ ಹೆಂಗಸ್ರದು. ಇಲ್ಲಿ ಮೊದ್ಲಿಂದಾನೂ ಇಂಗೇ."

ಮೊನ್ನೆಯ ರೈಲಿಗೆ ಬರುತ್ತೇನೆ. ಬ್ಯಾಗು ಇಳಿಸಿದ ಹುಡುಗಿ ನನ್ನ ಪಕ್ಕದ ಖಾಲಿ ಸೀಟಿನ ಮುಂದೆ ನಿಂತು, ಕಿವಿಯ ವೈರು ತೆಗೆದು ಕೇಳಿದಳು: "ಕೂತ್ಕಳ್ಳಾ ಸಾರ್?"

ಅವಳಿಗೆ ಮರೀಗೌಡರು ಗೊತ್ತಿಲ್ಲ, ನಾನು ಯಾರೆಂದೂ ಗೊತ್ತಿಲ್ಲ. ಯಾರೋ ಕೇಳಿದ್ದನ್ನು ನೋಡಿ ಕಲಿತಿರಬೇಕು. ನಾನು ಕಿಟಕಿಯ ಕಡೆಯೇ ಮುಖ ಮಾಡಿ, ಆದಷ್ಟು ಗತ್ತಿನಲ್ಲಿ, "ಹ್ಞೂಂ, ಕೂತ್ಕಮ್ಮ" ಎಂದೆ. ಗಾಜಿನಲ್ಲಿ ಕಂಡ ನನ್ನ ಮುಖ ಹಲ್ಲು ಕಿರಿಯುತ್ತಿತ್ತು.

ರಾಮನಗರ ಬಂತು. ಗೂಡಿನ ಚೀಲ ಇಳಿಯಿತು, ವಾಸನೆ ಉಳಿಯಿತು. ಹೆಂಗಸರು ಹತ್ತಿದರು. ನನ್ನ ಮೊಣಕಾಲುಗಳು ತಾವಾಗಿಯೇ ಎದ್ದವು.

"ಅಯ್ಯೋ, ಕೂತ್ಕಳಿ ಸಾರ್" ಎಂದಳು ಹುಡುಗಿ. "ವಯಸ್ಸಾದೋರು ಏಳಂಗಿಲ್ಲ ಇಲ್ಲಿ."

"ಎಲ್ಲಿ ಬರ್ದೈತಮ್ಮ?" ಎಂದೆ, ಬಾಗಿಲ ಬಳಿಯ ಕಂಬಿ ಹಿಡಿದು ನಿಂತೆ.