ಶ್ರುತಿ ಏರಿಸುತ್ತಿದ್ದ ಮೇಷ್ಟ್ರು

ಮೇಷ್ಟ್ರ ಎರಡು ಕಿವಿಹಾಲೆಗಳಲ್ಲೂ ತೂತಿದ್ದವು, ಒಂದೊಂದರಲ್ಲೂ ಉಗುರಿನಷ್ಟುದ್ದದ ಪೊರಕೆ ಕಡ್ಡಿ. ಸ್ನಾನವಾದ ಮೇಲೆ ಹಳೆಯ ಕಡ್ಡಿ ಎಸೆದು ಹೊಸದನ್ನು ಮುರಿದು, ತುದಿಗೆ ಕೊಬ್ಬರಿ ಎಣ್ಣೆ ಸವರಿ, ಕನ್ನಡಿ ನೋಡದೆಯೇ ಸಿಕ್ಕಿಸಿಕೊಳ್ಳುತ್ತಿದ್ದರು. ಮೀಸೆ ಬಿಳಿಯಾಗಿತ್ತು, ಮುಂದಿನ ಹಲ್ಲು ಎರಡು ಬಿದ್ದಿದ್ದವು. ಕಿವಿಯನ್ನು ಮಾತ್ರ ಹೊಸದಾಗಿ ಮೂಗು ಚುಚ್ಚಿಸಿಕೊಂಡ ಹುಡುಗಿಯ ಹಾಗೆ ನೋಡಿಕೊಳ್ಳುತ್ತಿದ್ದರು.

ಹರೆಯದಲ್ಲಿ ಅವರು ಊರೂರು ತಿರುಗುವ ಒಂದು ಸಣ್ಣ ನಾಟಕ ಕಂಪನಿಯಲ್ಲಿ ರಾಣಿ ಪಾತ್ರ ಮಾಡುತ್ತಿದ್ದವರು. ಆ ಕಿವಿಗಳಲ್ಲಿ ಜುಮಕಿ ತೂಗುತ್ತಿದ್ದ ಕಾಲ ಅದು. ಕಂಪನಿಗೆ ನಟಿಯೊಬ್ಬರು ಬಂದ ವಾರವೇ ಮಾಲೀಕ ಇವರನ್ನು ಹಾರ್ಮೋನಿಯಂ ಮುಂದೆ ಕೂರಿಸಿದನಂತೆ. ಅಲ್ಲಿಂದ ಇವರು ಗುಬ್ಬಿಗೆ ಬಂದು, ಸುತ್ತಲಿನ ಊರುಗಳವರಿಗೆ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಾದರು. ಆದರೆ ತೂತು ಮುಚ್ಚಿಹೋಗಲು ಬಿಡಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಿಂಗ್ಯಾಕೆ? ನಿನ್ ಕಿವೀನಾ?" ಎಂದಿದ್ದರು.

ನಾನು ತುಮಕೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸತ್ಯಕ್ಕಾಗಿ ಹೆಂಡತಿಯನ್ನೇ ಮಾರುವ ರಾಜನ ಪಾತ್ರ ಕಲಿಯಲು ಉಪ್ಪಾರಹಳ್ಳಿಯ ಮನೆಯಿಂದ ಭಾನುವಾರ ಬೆಳಿಗ್ಗೆ ಗುಬ್ಬಿಗೆ ಬಸ್ಸು ಹಿಡಿಯುತ್ತಿದ್ದೆ. ಮೊದಲ ಭಾನುವಾರ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಏನಮ್ಮಾ, ರಾಜನ ಪಾತ್ರ ಬೇಕಾ? ಮನೇಲಿ ಅಪ್ಪನ ಮುಂದೆ ದನಿ ಎತ್ತಿದೀಯಾ?"

"ಇಲ್ಲ ಮೇಷ್ಟ್ರೇ."

"ಅಪ್ಪನ ಮುಂದೆ ಬಾಯಿ ಬಿಡದವ್ಳು ಸ್ಟೇಜ್ ಮೇಲೆ ಹೆಂಡ್ತೀನ ಹೆಂಗ್ ಮಾರ್ತೀಯಾ? ಒಳಗ್ ಬಾ. ಚಪ್ಪಲಿ ಆಚೆ ಬಿಡು, ನಾಚಿಕೇನೂ ಅಲ್ಲೇ ಬಿಡು."

ನನಗೆ ದಿನಚರಿ ಬರೆಯುವ ಚಟ. ಅವತ್ತಿನಿಂದ ಡೈರಿಯಲ್ಲಿ ಎರಡು ಪುಟ ಮೀಸಲಿಟ್ಟೆ. ಒಂದರಲ್ಲಿ ಮೇಷ್ಟ್ರ ಪ್ರತಿ ಬೈಗುಳಕ್ಕೂ ಒಂದು ಗೆರೆ, ಇನ್ನೊಂದು ಹೊಗಳಿಕೆಗೆ. ಬೈಗುಳದ ಪುಟ ತುಂಬಿ ಅಂಚಿಗೂ ಹಬ್ಬಿತು. ಇನ್ನೊಂದು ಖಾಲಿಯೇ ಉಳಿಯಿತು.

ಅವರು ಯಾರಿಗೂ ಹೊಡೆಯುತ್ತಿರಲಿಲ್ಲ. ಅವರ ಶಿಕ್ಷೆಯೇ ಬೇರೆ. ಹಾಡು ತಪ್ಪಿದವನನ್ನು ಎಲ್ಲರೆದುರು ನಿಲ್ಲಿಸಿ, ಹಾರ್ಮೋನಿಯಂ ಶ್ರುತಿಯನ್ನು ಒಂದು ಮನೆ, ಎಂದರೆ ಪಕ್ಕದ ಕೀಲಿಗೆ, ಮೇಲಕ್ಕೆ ಏರಿಸಿ ಮತ್ತೆ ಹಾಡಿಸುವರು. ಆಮೇಲೆ ಇನ್ನೊಂದು ಮನೆ. ಕುತ್ತಿಗೆಯ ನರ ಉಬ್ಬಿ ದನಿ ಒಡೆಯುವವರೆಗೆ ಬಿಡುತ್ತಿರಲಿಲ್ಲ. ಅವರ ಶಿಷ್ಯನೊಬ್ಬ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು, ಒಳ್ಳೆಯ ಕಂಠದವನು. ಅವನ ಹೊಸ ಬೀಗರು ಅಭ್ಯಾಸ ನೋಡಲು ಬಂದ ದಿನವೇ ಅವನು ಒಂದು ಸಾಲು ಮರೆತ. ಮೇಷ್ಟ್ರು ನಗುತ್ತಲೇ ಶ್ರುತಿ ಏರಿಸಿದರು. ಅವನ ದನಿ ಕೀರಲಾದಾಗ ಕೈ ನಿಲ್ಲಿಸಿ, "ಕೇಳಿದ್ರಾ ಬೀಗರೇ, ನಿಮ್ ಅಳಿಯ ಕೋಳಿ ಕುಯ್ದಂಗೆ ಹಾಡ್ತಾನೆ" ಎಂದರು. ಬೀಗರೂ ನಕ್ಕರು. ಅವನು ಮತ್ತೆ ಹಾಡಲಿಲ್ಲ. ಹಾರ್ಮೋನಿಯಂ ಕಲಿಸಿ ಎಂದು ಕೇಳಿದ. ಮೇಷ್ಟ್ರು ಕಲಿಸಿದರು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಕುಣಿಗಲ್‌ನಿಂದ ಒಬ್ಬ ಸಂಘಟಕ ಬಂದ. "ಮೇಷ್ಟ್ರೇ, ಈ ಸಲ ಅದಲು ಬದಲು ನಾಟಕ. ಹೆಂಗಸ್ರಿಗೆ ಕಿರೀಟ, ಗಂಡಸ್ರಿಗೆ ಸೀರೆ. ಜನ ಬಿದ್ದು ಬಿದ್ದು ನಗ್ಬೇಕು."

ನಾಟಕ ಎಲ್ಲರಿಗೂ ಗೊತ್ತಿರುವುದೇ. ಕೊಟ್ಟ ಮಾತಿಗಾಗಿ ರಾಜ ರಾಜ್ಯ ಬಿಡುತ್ತಾನೆ, ಹೆಂಡತಿ ಮಗನನ್ನು ಮಾರುತ್ತಾನೆ, ಕೊನೆಗೆ ಸ್ಮಶಾನ ಕಾಯುತ್ತಾನೆ. ಸತ್ತ ಮಗನನ್ನು ಹೊತ್ತು ರಾಣಿ ಅಲ್ಲಿಗೇ ಬಂದಾಗ, ಅವಳ ಗುರುತು ಸಿಗದೆ ಹೆಣ ಸುಡುವ ಸುಂಕ ಕೇಳುತ್ತಾನೆ. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, "ರಾಜ ಇವ್ಳು" ಎಂದರು. ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡರು. "ರಾಣಿ ನಾನೇ."

"ಈ ವಯಸ್ಸಲ್ಲಾ ಮೇಷ್ಟ್ರೇ?"

"ರಾಣಿಗೂ ವಯಸ್ಸಾಗ್ತದೆ ಕಣಯ್ಯಾ."

"ಜನ ನಗ್ತಾರೆ..."

"ನಗ್ಸಕ್ಕೇ ತಾನೆ ಕರೆದಿರೋದು? ಮೊದ್ಲು ನಗ್ಲಿ. ಆ ಹಾಡು ಮುಗಿಯೋ ಹೊತ್ಗೆ ಒಬ್ಬ ನಗ್ತಿದ್ರೂ ನಾನು ಈ ಕಸಬು ಬಿಡ್ತೀನಿ."

ಅಷ್ಟು ವರ್ಷ ಕಡ್ಡಿ ಸಿಕ್ಕಿಸಿಕೊಂಡು ಕಾದದ್ದು ಇದಕ್ಕೇ ಎಂದು ಅವತ್ತು ನನಗೆ ಗೊತ್ತಾಯಿತು. ಹಾರ್ಮೋನಿಯಂಗೆ ಕೂರುವವನು ಮೋಟಾರ್ ವೈಂಡಿಂಗ್ ಅಂಗಡಿಯ ಆ ಶಿಷ್ಯನೇ ಎಂದೂ ತೀರ್ಮಾನವಾಯಿತು.

ಆಟ ಭಾನುವಾರ ಮಧ್ಯಾಹ್ನ, ಕುಣಿಗಲ್ ಕೆರೆಯ ಹತ್ತಿರದ ಬಯಲಿನಲ್ಲಿ. ಪರದೆಯ ಹಿಂದೆ ಮೇಷ್ಟ್ರು ಕಿವಿಯ ಕಡ್ಡಿಗಳನ್ನು ತೆಗೆದು ನನ್ನ ಕೈಗಿಟ್ಟು, "ಜೋಪಾನ. ಆಟ ಮುಗುದ್ ಮೇಲೆ ಬೇಕು" ಎಂದರು. ಜುಮಕಿ ಸಲೀಸಾಗಿ ಕೂತಿತು. ಆದರೆ ಹಗಲಿನ ಬೆಳಕಿಗೆ ಕರುಣೆಯಿರಲಿಲ್ಲ. ಬಣ್ಣದ ಕೆಳಗಿನ ಸುಕ್ಕು, ಮೀಸೆ ಬೋಳಿಸಿದ ಜಾಗ, ಎಲ್ಲವೂ ಕಾಣುತ್ತಿತ್ತು. ರಾಣಿ ರಂಗಕ್ಕೆ ಬಂದಾಗ ಜನ ಕುರ್ಚಿಯಿಂದ ಎದ್ದು ನಕ್ಕರು.

"ಅಜ್ಜಿ, ಹಲ್ಲೆಲ್ಲಿ ಮಾರ್ದೆ?"

"ರಾಜಾ, ಇದುನ್ನ ಯಾರ್ ಕೊಂಡ್ಕೋತಾರೆ, ನೀನೇ ಇಟ್ಕೊ!"

ಮೇಷ್ಟ್ರ ಮುಖ ಕದಲಲಿಲ್ಲ. ಸ್ಮಶಾನದ ದೃಶ್ಯ ಬಂತು. ಮಗನನ್ನು ಮಡಿಲಲ್ಲಿಟ್ಟುಕೊಂಡು ಗೋಳಿನ ಹಾಡು ಎತ್ತಿಕೊಂಡರು. ಆ ಮುದಿ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನಾನೂ ನಂಬಿರಲಿಲ್ಲ. ನಗು ತಗ್ಗಿತು. ಮುಂದಿನ ಸಾಲಿನ ಹೆಂಗಸರು ಸೆರಗನ್ನು ಕಣ್ಣಿಗೊತ್ತಿದರು. ಹಾಡು ಮುಗಿಯಿತು. ಇನ್ನೇನು ನಾನು ಸುಂಕ ಕೇಳಬೇಕು, ಹಿಂದಿನಿಂದ ಒಬ್ಬ ಕೂಗಿದ: "ಒನ್ಸ್ ಮೋರ್ ಅಜ್ಜಿ!"

ನಮ್ಮ ಕಡೆಯ ನಾಟಕಗಳಲ್ಲಿ ಒನ್ಸ್ ಮೋರ್ ಎಂದರೆ ಹಾಡನ್ನು ಮೊದಲಿನಿಂದ ಹಾಡಬೇಕು. ಮೆಚ್ಚಿ ಕೇಳಿದರೋ ಗೇಲಿಗೆ ಕೇಳಿದರೋ ಎಂದು ವಿಚಾರಿಸುವ ಹಾಗಿಲ್ಲ ಎಂದು ನಮಗೆಲ್ಲ ಕಲಿಸಿದ್ದವರು ಮೇಷ್ಟ್ರೇ. ಅವರು ಮತ್ತೆ ಎತ್ತಿಕೊಂಡರು. ಶಿಷ್ಯನ ಬೆರಳು ಪಕ್ಕಕ್ಕೆ ಸರಿಯಿತು. ಶ್ರುತಿ ಒಂದು ಮನೆ ಮೇಲೆ. ಮೇಷ್ಟ್ರು ಅವನ ಕಡೆ ಒಮ್ಮೆ ನೋಡಿ, ಏರಿದ ಶ್ರುತಿಗೇ ಹಾಡಿದರು. ಮತ್ತೆ ಒನ್ಸ್ ಮೋರ್. ಮತ್ತೊಂದು ಮನೆ. ಈ ಸಲ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಬಯಲೆಲ್ಲ ಕೇಕೆ. ಶಿಷ್ಯನೂ ನಗುತ್ತಿದ್ದ.

ನಾನು ಸುಂಕ ಕೇಳಿಬಿಟ್ಟರೆ ಹಾಡು ಅಲ್ಲಿಗೆ ನಿಲ್ಲುತ್ತದೆ. ಕೋಲು ಊರಿ ಒಂದು ಹೆಜ್ಜೆ ಇಟ್ಟೆ. ಹೆಣದ ಮೇಲೆ ಬಗ್ಗಿದ್ದ ರಾಣಿ ನನಗಷ್ಟೇ ಕೇಳುವಂತೆ ಹೇಳಿದಳು: "ಇನ್ನೊಂದ್ ಹೆಜ್ಜೆ ಇಟ್ರೆ ಕಾಲ್ ಮುರೀತೀನಿ. ನಿಂತ್ಕೋ." ಆಮೇಲೆ ತಲೆ ಎತ್ತಿ, ಹಾರ್ಮೋನಿಯಂ ಕಡೆಗೆ ಬೆರಳೆತ್ತಿ ಎಲ್ಲರಿಗೂ ಕೇಳುವಂತೆ ಕೂಗಿದಳು: "ಏರ್ಸೋ ಇನ್ನೊಂದ್ ಮನೆ!"

ಶಿಷ್ಯನ ನಗು ನಿಂತಿತು. ಆದರೂ ಏರಿಸಿದ.

ಮೇಷ್ಟ್ರು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಅವರು ನಿಲ್ಲಿಸಲಿಲ್ಲ. ಹಾರ್ಮೋನಿಯಂ ಒಂದೇ ನುಡಿಯುತ್ತಿತ್ತು. ರಾಣಿ ದನಿಯಿಲ್ಲದ ಬಾಯಿಯಲ್ಲಿ ಹಾಡಿನ ಪ್ರತಿ ಸಾಲನ್ನೂ ಆಡುತ್ತ, ಎದೆ ಬಡಿದುಕೊಳ್ಳುತ್ತ, ಮಗನ ಕೆನ್ನೆ ಸವರುತ್ತ ಹಾಡು ಮುಗಿಸಿದಳು. ಮುಂದಿನ ಸಾಲಿನವರು ಗೊಳೋ ಎಂದು ಅತ್ತರು. ಹಿಂದಿನ ಹುಡುಗರಲ್ಲಿ ಕೆಲವರು ಕೊನೆಯವರೆಗೂ ಶಿಳ್ಳೆ ಹೊಡೆದರು. ನಾನು ಅಳುತ್ತಲೇ ಸುಂಕ ಕೇಳಿದೆ.

ಪರದೆ ಬಿದ್ದ ಮೇಲೆ ಮೇಷ್ಟ್ರು ಶಿಷ್ಯನನ್ನು ಏನೂ ಅನ್ನಲಿಲ್ಲ. ನನ್ನನ್ನು ಹತ್ತಿರ ಕರೆದು, ಗಂಟಲು ಹಿಡಿದುಕೊಂಡು, ಪಿಸುಮಾತಿನಲ್ಲಿ ಕೇಳಿದರು: "ಅವ್ನು ಏರ್ಸಿದ್ದು ನಾನ್ ಕಲ್ಸಿದ್ ವಿದ್ಯೆ. ನೀನ್ ಅತ್ತಿದ್ದು ಯಾರ್ ಕಲ್ಸಿದ್ದೇ?"

"ತಡೆಯಕ್ಕಾಗ್ಲಿಲ್ಲ ಮೇಷ್ಟ್ರೇ."

"ರಾಜ ಕಲ್ಲಾಗಿದ್ರೇ ತಾನೆ ರಾಣಿ ಗೋಳು ಗೋಳು? ಇಬ್ರೂ ಅತ್ರೆ ಅದು ಸಾವಿನ ಮನೆ ಕಣೇ, ನಾಟಕ ಅಲ್ಲ. ನನ್ ಸೀನು ತಿಂದ್ಬಿಟ್ಟೆ. ಇನ್ಮೇಲೆ ಗುಬ್ಬಿಗೆ ಬರ್ಬೇಡ."

ಕಡ್ಡಿಗಳನ್ನು ಕೇಳಲಿಲ್ಲ. ವೇಷದ ನಡುಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಅವು ನನ್ನ ಬಳಿಯೇ ಉಳಿದವು.

ಆ ದನಿ ಮತ್ತೆ ಬರಲಿಲ್ಲ. ಹೇಳಿದಂತೆ ಕಸಬೂ ಬಿಟ್ಟರು. ನಾನು ಎರಡು ಭಾನುವಾರ ಹೋಗಿ ಬಾಗಿಲು ತಟ್ಟಿದೆ. ಒಳಗೆ ಇದ್ದರು, ತೆಗೆಯಲಿಲ್ಲ.

ಈ ವರ್ಷ ಯುಗಾದಿಯಾದ ಮರುವಾರ ಶಿಷ್ಯನೇ ಫೋನ್ ಮಾಡಿ ಮೇಷ್ಟ್ರು ಹೋದ ಸುದ್ದಿ ಹೇಳಿದ. ಗುಬ್ಬಿಯಲ್ಲಿ ಮನೆ ಮುಂದೆ ಮಲಗಿಸಿದ್ದರು. ಶಿಷ್ಯ ಕಾಲ ಬಳಿ ಕೂತು ಬಿಕ್ಕುತ್ತಿದ್ದ. ಮೇಷ್ಟ್ರ ಮೀಸೆ ಮತ್ತೆ ಬೆಳೆದಿತ್ತು. ಕಿವಿಗಳು ಖಾಲಿ. ಕುಣಿಗಲ್‌ನಿಂದ ಬಂದ ಮೇಲೆ ಕಡ್ಡಿ ಹಾಕಿಕೊಳ್ಳಲೇ ಇಲ್ಲವೆಂದು ಅವರ ತಮ್ಮನ ಸೊಸೆ ಹೇಳಿದಳು. ನನ್ನ ಬಳಿ ಇದ್ದ ಎರಡನ್ನು ತೆಗೆದು ಸಿಕ್ಕಿಸಲು ಹೋದೆ. ಬಲಗಿವಿಯದು ಹೋಯಿತು. ಎಡಗಿವಿಯ ತೂತು ಬಿಗಿಯಾಗಿತ್ತು, ಕಡ್ಡಿ ಮುರಿಯಿತು.

ಚಟ್ಟ ಎತ್ತಿದಾಗ ನಾನೂ ಹಿಂದೆ ನಡೆದೆ. ರಸ್ತೆಯ ತಿರುವಿನಲ್ಲಿ ಅವರ ತಮ್ಮ ತಡೆದರು. "ಹೆಂಗಸ್ರು ಅಲ್ಲಿಗ್ ಬರಂಗಿಲ್ಲ ಕಣಮ್ಮ. ಇಲ್ಲೇ ನಿಂತ್ಕೊ." ನಿಂತೆ. ತಮಟೆಯ ಸದ್ದು ದೂರವಾಗುವವರೆಗೂ, ಅವರು ಕಲಿಸಿದ ಹಾಗೆ, ಭುಜ ಇಳಿಸಿ, ಕಣ್ಣು ನೆಟ್ಟು ನಿಂತೇ ಇದ್ದೆ.

ಹಿಂದೆ ಬಾಗಿಲಲ್ಲಿ ತಮ್ಮನ ಸೊಸೆ ಪಕ್ಕದವಳಿಗೆ ಹೇಳುತ್ತಿದ್ದಳು: "ಅಷ್ಟ್ ದಿನ ಪಾಠ ಹೇಳಿಸ್ಕೊಂಡವ್ಳೆ, ಕಣ್ಣಲ್ಲಿ ಒಂದ್ ಹನಿ ಇಲ್ಲ ನೋಡೇ. ಕಲ್ಲು, ಕಲ್ಲು."

ಮನೆಗೆ ಬಂದು, ಡೈರಿಯಲ್ಲಿ ಹೊಗಳಿಕೆಯ ಖಾಲಿ ಪುಟಕ್ಕೆ ಮೊದಲ ಗೆರೆ ಎಳೆದೆ.