ಎಲ್ಲಾ ಹಸುಗಳಲ್ಲೂ ಇರುವುದು

ಹೆಣ್ಣು ನೋಡಲು ಬಂದವರ ಮುಂದೆ ಹಸುವಿನ ಹೊಟ್ಟೆಯ ವಿಷಯ ಎತ್ತಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದ ಮಾತೂ ಅಲ್ಲ ಬಿಡಿ.

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲೇ ಸೂಕ್ಷ್ಮಜೀವಿಶಾಸ್ತ್ರ ಓದಿ ಸಂಶೋಧನೆಗೆ ಸೇರಿದ್ದೆ. ಹಸು ನುಂಗಿದ ಹುಲ್ಲು ಮೊದಲು ಹೋಗಿ ಬೀಳುವ ದೊಡ್ಡ ಹೊಟ್ಟೆಯಲ್ಲಿ ಅದನ್ನು ಕೊಳೆಸಿ ಕರಗಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳೊಳಗೆ ಹೊಕ್ಕು, ಅಲ್ಲೇ ಸಂತಾನ ಬೆಳೆಸಿ, ಅವನ್ನು ಒಡೆದುಕೊಂಡು ಹೊರಬರುವ ವೈರಸ್‌ಗಳೂ ಇರುತ್ತವೆ. ನನ್ನ ಕೆಲಸ ಈ ವೈರಸ್‌ಗಳ ಮೇಲೆ. ಗಾಜಿನ ತಟ್ಟೆಯಲ್ಲಿ ಮಬ್ಬಾಗಿ ಹರಡಿದ ಬ್ಯಾಕ್ಟೀರಿಯಾದ ನಡುವೆ, ಈ ವೈರಸ್‌ಗಳು ತಿಂದುಹಾಕಿದ ಜಾಗ ತಿಳಿಯಾದ ಚುಕ್ಕೆಯಾಗಿ ಮೊದಲ ಸಲ ಕಂಡ ದಿನ ನಾನು ಊಟವನ್ನೇ ಮರೆತಿದ್ದೆ.

ಶ್ರೀರಾಂಪುರದ ನಮ್ಮ ಮನೆಗೆ ಬಂದವರು ಹುಡುಗ, ಅವನ ತಾಯಿ, ಸೋದರಮಾವ. ಹುಡುಗನಿಗೆ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ. ಈ ಸಂಬಂಧ ಕೂಡಿಬರಲೇಬೇಕೆಂದು ಅಪ್ಪನಿಗೆ ಬಲು ಆಸೆ. ಕಿರಾಣಿ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಜುಬ್ಬ ಹಾಕಿ ಕೂತಿದ್ದರು. ನಾನು ಕಾಫಿ ತಂದುಕೊಟ್ಟೆ.

"ಏನಮ್ಮ ಓದ್ತಿರೋದು?" ಎಂದರು ಸೋದರಮಾವ.

ಹೇಳಿದೆ. ಹಸು, ಹೊಟ್ಟೆ, ವೈರಸ್ ಎಂಬಷ್ಟು ಮಾತ್ರ ಅವರ ಕಿವಿಗೆ ಬಿತ್ತು.

"ವೈರಸ್ಸಾ? ಏಡ್ಸೂ ವೈರಸ್ಸೇ ಅಲ್ವಾ?"

"ಇದು ಬೇರೆ ಸರ್. ಮನುಷ್ಯರಿಗೆ ಬರಲ್ಲ. ಹಸೂಗೂ ಕಾಯಿಲೆ ತರಲ್ಲ. ಬ್ಯಾಕ್ಟೀರಿಯಾಕ್ಕೆ ಮಾತ್ರ."

ಹುಡುಗನ ತಾಯಿ ಲೋಟವನ್ನು ತುಟಿಯಿಂದ ಇಳಿಸಿದರು. "ಈ ಹಾಲು ಕೊಟ್ಟ ಹಸೂಲೂ ಇರುತ್ತೇನಮ್ಮ?"

ಧೈರ್ಯ ಹೇಳೋಣವೆಂದು, "ಎಲ್ಲಾ ಹಸುಗಳಲ್ಲೂ ಇರುತ್ತೆ ಅಮ್ಮ, ಕೋಟಿಗಟ್ಟಲೆ!" ಎಂದುಬಿಟ್ಟೆ.

ಲೋಟಗಳೆಲ್ಲ ಟೀಪಾಯಿಯ ಮೇಲೆ ಇಳಿದವು. ಹುಡುಗ ಕರ್ಚೀಫಿನಿಂದ ಬಾಯಿ ಒರೆಸಿಕೊಂಡ. ಹಾಲಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವಿವರಿಸಿದಷ್ಟೂ ಮಾತು ಕೆಟ್ಟಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಲಾಗಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ನಾಚಿಕೆಯಲ್ಲೇ ಅಂದೆ: "ಅದೇನೂ ಅಂಥ ದೊಡ್ಡ ಕೆಲಸ ಅಲ್ಲ. ಮದುವೆ ಆದ್ಮೇಲೆ ಬಿಟ್ಬುಡ್ತೀನಿ."

"ಫೋನ್ ಮಾಡ್ತೀವಿ" ಎಂದು ಎದ್ದರು. ನಂಬರ್ ಕೇಳಲಿಲ್ಲ.

ಎಂಜಲೆಂದರೆ ಹೆತ್ತ ಮಕ್ಕಳ ಲೋಟವನ್ನೂ ಮುಟ್ಟದವರು ನಮ್ಮಪ್ಪ. ಗೇಟಿನವರೆಗೆ ಹೋಗಿ ಅವರನ್ನು ಕಳಿಸಿಬಂದು, ಹುಡುಗನ ತಾಯಿ ಬಿಟ್ಟುಹೋದ ಲೋಟ ಎತ್ತಿಕೊಂಡು, ಆರಿದ ಕಾಫಿಯನ್ನು ಪೂರ್ತಿ ಕುಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿಸಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಕಾಫಿ ಚೆನ್ನಾಗೇ ಇತ್ತು ಕಣಮ್ಮ" ಎಂದರು. "ಅವರಿಗೆ ಬೇಡ ಅಂದ್ರೆ ಬೇಡ. ಆದ್ರೆ ಓದಿದ್ದನ್ನ ಬಿಟ್ಬುಡ್ತೀನಿ ಅಂತ ನೀನ್ಯಾಕೆ ಅಂದೆ?"